ಹಿತ್ತಿಲ ಹಕ್ಕಿಗಳ ಬಣ್ಣಭೇದ

ಇಲ್ಲದುದನ್ನು ಇದೆಯೆಂದು ಹೇಳಿ ನಂಬಿಸುವವನನ್ನು ಕುರಿತು ‘ಕಾಗೆ ಹಾರಿಸುತ್ತಾನೆ’ ಎಂದು ನಮ್ಮ ಜನ ಆಡಿಕೊಳ್ಳುವುದುಂಟು. ಆ ಕಾಗೆಯು ಬಿಳಿಯದೆಂದು ಬೇರೆ ಹೇಳಿದರೆ ಕೇಳಿದವರು ನಕ್ಕು ಸುಮ್ಮನಾಗುವರು. ಪ್ರಾಚೀನ ರೋಮಿನ ವಿಡಂಬನಕಾರನಾದ ಜುವೆನಲನಿಗೂ ಅತ್ಯಂತ ವಿರಳವಾದುದಕ್ಕೆ ಉಪಮಾನ ಬೇಕಾದಾಗ ಒಂದೆಡೆ ಕಪ್ಪು ಹಂಸವೂ ಇನ್ನೊಂದೆಡೆ ಬಿಳಿಯ ಕಾಗೆಯೂ ನೆನಪಿಗೆ ಬಂದುವು. ಕಪ್ಪು ಹಂಸವನ್ನು ಕಾಣಲು ಯೂರೋಪಿನವರು 1697ರವರೆಗೆ ಕಾಯಬೇಕಾಯಿತು. ಆ ವರ್ಷ ಡಚ್ ನಾವಿಕನಾದ ವ್ಲಾಮಿಂಗನು ಪಶ್ಚಿಮ ಆಸ್ಟ್ರೇಲಿಯದ ಹೊಳೆಯೊಂದರಲ್ಲಿ ಅದನ್ನು ಕಂಡನು. ಬಿಳಿಯ ಕಾಗೆಗಾಗಿ ಅಷ್ಟು ದೂರ ಹೋಗಬೇಕಾಗಿಲ್ಲ. ಅಪೂರ್ವವಾಗಿಯಾದರೂ ಅದು ನಮ್ಮ ಊರಿನ ಕಸದ ರಾಶಿಯ ಮೇಲೆಯೇ ಇಳಿಯಬಹುದು. ಕಾಣುವ ಕಣ್ಣಿಗೆ ಮಾತ್ರ ಕೊಂಚ ಶಿಕ್ಷಣ ಬೇಕು. ಆ ಶಿಕ್ಷಣವೆಂತಹದು ಎಂಬುದೇ ಇಂದಿನ ನಮ್ಮ ವಿಷಯ.

ದೃಷ್ಟಾಂತಗಳನ್ನು ನಾವು ಹೆಚ್ಚಾಗಿ ಬೆಳಗಾವಿ ಜಿಲ್ಲೆಯ ಉತ್ತರ ಭಾಗದಿಂದ ಆರಿಸಿಕೊಳ್ಳುವೆವು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಈ ಐದು ಊರುಗಳ ಸೀಮೆಯು ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರುಂಡು ಬೆಳೆದುದು. ನಿಪ್ಪಾಣಿಯ ಸುತ್ತ ತಂಬಾಕು, ಹಿಂದೆ ಕೊಲ್ಹಾಪುರದ ಸಂಸ್ಥಾನಕ್ಕೆ ಸೇರಿದ್ದ ರಾಯಬಾಗದಲ್ಲಿ ಕಬ್ಬು, ಅಥಣಿಯ ಎರೆಹೊಲಗಳಲ್ಲಿ ಜೋಳ, ಹೀಗೆ ಬೆಳೆ ಬೇರೆಬೇರೆಯಾದರೂ ಹಿತ್ತಿಲಿಗೆ ಬರುವ ಹಕ್ಕಿಗಳು ಎಲ್ಲೆಡೆಯೂ ಬಹುಮಟ್ಟಿಗೆ ಒಂದೇ: ಗುಬ್ಬಿ, ಕಾಗೆ, ಗೊರವಂಕ, ಗಿಳಿ, ಪಿಕಳಾರ, ಹರಟೆಮಲ್ಲ, ಕೋಗಿಲೆ. ಗೊರವಂಕವನ್ನು ಗಡಿಯ ಮರಾಠಿ ಮನೆಗಳಲ್ಲಿ ಸಾಳುಂಕಿ ಎನ್ನುವರು. ಇವು ನಮ್ಮ ದಿನನಿತ್ಯದ ನೆರೆಹೊರೆಯವಾದುದರಿಂದಲೇ ಇವುಗಳಲ್ಲಿ ಒಂದರ ಬಣ್ಣ ಕೆಟ್ಟಿದ್ದರೆ ತಟ್ಟನೆ ನಮ್ಮ ಕಣ್ಣಿಗೆ ಬೀಳುವುದು.

ಹಾಗೆ ಬಿದ್ದ ಕೂಡಲೇ ನಡೆಯುವುದೇನು? ಒಬ್ಬನ ಕೈಗೆ ಕಲ್ಲು ಬರುವುದು, ಇನ್ನೊಬ್ಬನ ಕೈಗೆ ಬಲೆ, ಮತ್ತೊಬ್ಬನ ಕೈಗೆ ಪಂಚಾಂಗ. ಈ ಮೂರರಿಂದಲೂ ಹಕ್ಕಿಗೆ ಕೇಡೇ ಹೊರತು ನಮಗೆ ತಿಳಿವಳಿಕೆಯಿಲ್ಲ. ಅದರ ಬಣ್ಣವು ಅದರ ಹುಟ್ಟು, ಆಹಾರ, ವಯಸ್ಸುಗಳನ್ನು ಹೇಳುವ ಒಂದು ಬರಹ. ಆ ಬರಹವನ್ನು ಓದಲು ಕಲಿತವನು ಕಲ್ಲನ್ನೂ ಬಲೆಯನ್ನೂ ತಾನಾಗಿಯೇ ಕೆಳಗಿಡುವನು.

ಓದಿನ ಮೊದಲ ಪಾಠವೆಂದರೆ ಸಾಮಾನ್ಯವನ್ನು ಚೆನ್ನಾಗಿ ತಿಳಿಯುವುದು. ವಿಚಿತ್ರವೆಂದು ನಮಗೆ ತೋರುವ ಹಕ್ಕಿಗಳಲ್ಲಿ ಎಷ್ಟೋ ತಮ್ಮ ಜಾತಿಗೆ ಸಹಜವಾದ ಬಣ್ಣವನ್ನೇ ಧರಿಸಿರುವುವು. ಗಂಡು ಕೋಗಿಲೆಯು ಅಪ್ಪಟ ಕಪ್ಪು. ಹೆಣ್ಣು ಕಂದು ಮೈಯ ಮೇಲೆ ಬಿಳಿಯ ಚುಕ್ಕೆಗಳುಳ್ಳದು. ಇದನ್ನರಿಯದವರು ಹೆಣ್ಣನ್ನು ಕಂಡು ಚುಕ್ಕೆ ಬಿದ್ದ ಕೋಗಿಲೆಯೆಂದು ಬೆರಗಾಗುವರು. ಮಳೆಗಾಲದಲ್ಲಿ ನಮ್ಮ ವಿದ್ಯಾರ್ಥಿಗಳು ತರುವ ‘ಹಳದಿ ಗುಬ್ಬಿ’ಯ ಸುದ್ದಿಯು ಸಾಮಾನ್ಯವಾಗಿ ಗಂಡು ಗೀಜುಗದ್ದು. ಗೂಡು ಕಟ್ಟುವ ಕಾಲದಲ್ಲಿ ಮಾತ್ರ ಅದರ ನೆತ್ತಿಗೂ ಎದೆಗೂ ಅರಿಶಿನದ ಬಣ್ಣ ಬಂದು, ಋತು ಮುಗಿದ ಮೇಲೆ ಅದು ಹೆಣ್ಣಿನಂತೆಯೇ ಗುಬ್ಬಿಯ ಹೋಲಿಕೆಯದಾಗುವುದು. ದನಗಳ ಹಿಂದೆ ತಿರುಗುವ ಬೆಳ್ಳಕ್ಕಿಗೆ ಅದೇ ಕಾಲದಲ್ಲಿ ತಲೆಯೂ ಕತ್ತೂ ಬೆನ್ನೂ ಕಾವಿಯ ಛಾಯೆಗೆ ತಿರುಗುವುವು. ಉದ್ದ ಬಾಲದ ರಾಜಹಕ್ಕಿಯ ಗಂಡು ಒಂದು ವಯಸ್ಸಿನಲ್ಲಿ ಇಟ್ಟಿಗೆಯ ಕೆಂಪು, ಮುಂದೆ ಹಾಲಿನಂತಹ ಬಿಳುಪು. ಚಳಿಗಾಲದಲ್ಲಿ ಜೋಳದ ಹೊಲಗಳಿಗೆ ದಂಡು ಕಟ್ಟಿಕೊಂಡು ಬರುವ ಗುಲಾಬಿ ಕಬ್ಬಕ್ಕಿಗಳ ಮರಿಗಳು ಮರಳಿನ ಬಣ್ಣದವು. ಗೊರವಂಕಗಳ ನಡುವೆ ಕುಳಿತಾಗ ಬಣ್ಣ ಮಾಸಿದ ಗೊರವಂಕವೆಂಬ ಭ್ರಾಂತಿಯನ್ನು ಹುಟ್ಟಿಸುವುವು.

ಇಂತಹ ಒಂದು ಸಂದೇಹವೇ ನಮ್ಮ ದೇಶದ ಪಕ್ಷಿಶಾಸ್ತ್ರಕ್ಕೆ ಮಹೋಪಕಾರ ಮಾಡಿತು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಮುಂಬಯಿಯ ಹುಡುಗನೊಬ್ಬನು ತಾನು ಹೊಡೆದ ಗುಬ್ಬಿಯ ಕೊರಳಲ್ಲಿ ಹಳದಿಯ ಮಚ್ಚೆಯನ್ನು ಕಂಡನು. ಇದೇನೆಂದು ಕೇಳಲು ಅದನ್ನು ಮುಂಬಯಿಯ ನಿಸರ್ಗ ಇತಿಹಾಸ ಸಂಘಕ್ಕೆ ಒಯ್ದನು. ಅಲ್ಲಿಯ ಕಾರ್ಯದರ್ಶಿಗಳಾದ ಮಿಲರ್ಡರು, ಅದು ಬಣ್ಣ ಕೆಟ್ಟ ಮನೆಗುಬ್ಬಿಯಲ್ಲ, ಹಳದಿ ಕೊರಳಿನ ಗುಬ್ಬಿಯೆಂಬ ಬೇರೊಂದು ಜಾತಿ ಎಂದು ತಿಳಿಸಿ, ಸಂಘದ ಸಂಗ್ರಹವನ್ನೆಲ್ಲ ತೆರೆದು ತೋರಿಸಿದರು. ಆ ಹುಡುಗನೇ ಮುಂದೆ 1941ರಲ್ಲಿ ಭಾರತದ ಪಕ್ಷಿಗಳನ್ನು ಕುರಿತ ಪ್ರಸಿದ್ಧ ಗ್ರಂಥವನ್ನು ಬರೆದ ಸಾಲಿಂ ಅಲಿಯವರು. ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನು ನಡೆಸಿ 1942ರಿಂದ ಪ್ರಕಟಿಸಿದವರೂ ಇವರೇ. 1985ರಲ್ಲಿ ಹೊರಬಂದ ತಮ್ಮ ಆತ್ಮಕಥೆಗೆ ಅವರು ಆ ಗುಬ್ಬಿಯ ಪತನದ ಹೆಸರನ್ನೇ ಇಟ್ಟರು. ‘ಇದೇಕೆ ಹೀಗೆ?’ ಎಂಬ ಪ್ರಶ್ನೆಯನ್ನು ತಿಳಿದವರ ಬಳಿಗೆ ಒಯ್ದುದರ ಫಲವಿದು.

ಎರಡನೆಯ ಪಾಠವು ಇನ್ನೂ ಸುಲಭವಾದುದು: ಬಣ್ಣವು ಗರಿಯ ಒಳಗಿನದೋ ಮೇಲೆ ಅಂಟಿದುದೋ ಎಂಬುದನ್ನು ನೋಡಬೇಕು. ಗುಬ್ಬಿಗಳಿಗೆ ಧೂಳಿನ ಸ್ನಾನವೆಂದರೆ ಬಲು ಪ್ರೀತಿ. ಇಟ್ಟಿಗೆಯ ಭಟ್ಟಿಯ ಬಳಿ ಹೊರಳಾಡಿದ ಗುಬ್ಬಿ ಕೆಂಪಾಗುವುದು, ಸುಣ್ಣದಲ್ಲಿ ಹೊರಳಿದುದು ಬೆಳ್ಳಗಾಗುವುದು. ಹೂವಿನೊಳಗೆ ಕೊಕ್ಕನ್ನಿಡುವ ಸೂರಕ್ಕಿಯ ಹಣೆಗೆ ಪರಾಗ ಮೆತ್ತಿಕೊಂಡು ಹೊಸ ತಿಲಕವಿಟ್ಟಂತೆ ಕಾಣುವುದುಂಟು. ಇವೆಲ್ಲ ಒಂದು ಮಳೆಗೆ ತೊಳೆದುಹೋಗುವ ಬಣ್ಣಗಳು.

ಈ ಎರಡು ಸಂದೇಹಗಳೂ ತೀರಿದ ಮೇಲೆ ಉಳಿಯುವುದೇ ನಿಜವಾದ ಬಣ್ಣಭೇದ. ಅದನ್ನು ತಿಳಿಯಬೇಕಾದರೆ ಗರಿಗೆ ಬಣ್ಣವು ಎಲ್ಲಿಂದ ಬರುವುದೆಂಬುದನ್ನು ಅರಿಯಬೇಕು. ಕಪ್ಪು, ಬೂದಿ, ಕಂದುಗಳನ್ನು ಕೊಡುವುದು ಮೆಲನಿನ್ ಎಂಬ ವರ್ಣದ್ರವ್ಯ. ಇದನ್ನು ಹಕ್ಕಿಯ ಮೈಯೇ ತಯಾರಿಸುವುದು. ಹಳದಿ ಮತ್ತು ಕೆಂಪುಗಳನ್ನು ಬಹುಮಟ್ಟಿಗೆ ಕೊಡುವ ಕ್ಯಾರೊಟಿನಾಯ್ಡ್ ದ್ರವ್ಯಗಳು ಆಹಾರದಿಂದ ಬರುವುವು. ನೀಲಿಗೆ ಮಾತ್ರ ಬೇರೆ ದ್ರವ್ಯವಿಲ್ಲ; ಗರಿಯ ಸೂಕ್ಷ್ಮರಚನೆಯು ಬೆಳಕನ್ನು ಚದುರಿಸುವ ರೀತಿಯಿಂದಲೇ ಅದು ಹುಟ್ಟುವುದು. ಹಾಗಾದರೆ ಬಿಳುಪು? ನಮ್ಮ ಕಬ್ಬಿನ ಸೀಮೆಯವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಕಲ್ಲುಸಕ್ಕರೆಯ ದೊಡ್ಡ ಹರಳು ಗಾಜಿನಂತೆ ಪಾರದರ್ಶಕ. ಅದನ್ನೇ ಕುಟ್ಟಿ ಪುಡಿ ಮಾಡಿದರೆ ಅಚ್ಚ ಬಿಳುಪು. ಪುಡಿಗೆ ಯಾರೂ ಬಿಳಿಯ ಬಣ್ಣವನ್ನು ಬೆರಸಲಿಲ್ಲ. ಅಸಂಖ್ಯ ಕಣಗಳು ಬೆಳಕನ್ನು ಎಲ್ಲ ಕಡೆಗೂ ಚದುರಿಸಿದುವು, ಅಷ್ಟೆ. ವರ್ಣದ್ರವ್ಯವಿಲ್ಲದ ಗರಿಯೂ ಹೀಗೆಯೇ ಬೆಳ್ಳಗೆ ತೋರುವುದು. ಆದುದರಿಂದ ಬಿಳಿಯ ಹಕ್ಕಿಯನ್ನು ಕಂಡಾಗ ಕೇಳಬೇಕಾದ ಪ್ರಶ್ನೆಯು ‘ಬಿಳುಪು ಎಲ್ಲಿಂದ ಬಂತು?’ ಎಂಬುದಲ್ಲ, ‘ಕಪ್ಪು ಏಕೆ ಬರಲಿಲ್ಲ?’ ಎಂಬುದು.

ಈ ಪ್ರಶ್ನೆಗೆ ಉತ್ತರಗಳು ಹಲವು. ಬಿಳಿಯ ಹಕ್ಕಿಗಳನ್ನೆಲ್ಲ ‘ಆಲ್ಬಿನೊ’ ಎಂಬ ಒಂದೇ ಹೆಸರಿನಿಂದ ಕರೆಯುವುದು ವಿದ್ಯಾವಂತರಲ್ಲಿಯೂ ರೂಢಿಯಾಗಿದೆ. ನಿಜವಾದ ಆಲ್ಬಿನೊದಲ್ಲಿ ಮೆಲನಿನ್ನಿನ ಉತ್ಪತ್ತಿಗೆ ಅವಶ್ಯವಾದ ಕಿಣ್ವವು ಹುಟ್ಟಿನಿಂದಲೇ ಕೆಲಸ ಮಾಡದು. ಗರಿಯಲ್ಲಿಯೂ ಚರ್ಮದಲ್ಲಿಯೂ ಕಣ್ಣಿನಲ್ಲಿಯೂ ಮೆಲನಿನ್ ಲವಲೇಶವಿಲ್ಲದುದರಿಂದ ಒಳಗಿನ ರಕ್ತದ ಬಣ್ಣ ಹೊರದೋರಿ ಕಣ್ಣು ಕೆಂಪಾಗಿರುವುದು. ಆ ಕಣ್ಣು ಬೆಳಕನ್ನು ತಾಳಲಾರದು, ದೂರವನ್ನು ಅಳೆಯಲಾರದು. ಆದುದರಿಂದ ಇಂತಹ ಮರಿಗಳಲ್ಲಿ ಹೆಚ್ಚಿನವು ಗೂಡನ್ನು ಬಿಟ್ಟ ಸ್ವಲ್ಪ ದಿನಗಳಲ್ಲಿಯೇ ಸಾಯುವುವು. ಬಿಳಿಯ ಗುಬ್ಬಿಯೊಂದು ವರ್ಷವಿಡೀ ಹಿತ್ತಿಲಲ್ಲಿ ಹಾರಾಡಿಕೊಂಡಿದ್ದು ಅದರ ಕಣ್ಣು ಕಪ್ಪಾಗಿದ್ದರೆ, ಅದು ಆಲ್ಬಿನೊ ಅಲ್ಲವೆಂದು ನಿಸ್ಸಂದೇಹವಾಗಿ ಹೇಳಬಹುದು. ಎಲ್ಲಕ್ಕೂ ಮೊದಲು ಕಣ್ಣನ್ನು ನೋಡಿರಿ ಎಂದು ನಾವು ಹೇಳುವುದು ಇದಕ್ಕಾಗಿಯೇ. ಇನ್ನೊಂದು ಕುತೂಹಲದ ಸಂಗತಿಯುಂಟು. ಪಿಕಳಾರದ ಬಾಲದ ಬುಡದಲ್ಲಿರುವ ಕೆಂಪಿಗೂ ಮೆಲನಿನ್ನಿಗೂ ಸಂಬಂಧವಿಲ್ಲ. ಆದಕಾರಣ ಮೈಯೆಲ್ಲ ಬಿಳಿದಾದ ಪಿಕಳಾರದಲ್ಲಿಯೂ ಆ ಕೆಂಪು ಉಳಿಯಬಲ್ಲುದು.

ಕಪ್ಪು ಕಣ್ಣಿನ ಬಿಳಿಯ ಹಕ್ಕಿಗಳಲ್ಲಿ ಎರಡು ಬಗೆಗಳನ್ನು ಮುಖ್ಯವಾಗಿ ಗುರುತಿಸಬೇಕು. ಮೊದಲನೆಯದಕ್ಕೆ ಲ್ಯೂಸಿಸಮ್ ಎಂದು ಹೆಸರು. ಭ್ರೂಣವು ಬೆಳೆಯುವಾಗ ಬಣ್ಣವನ್ನು ತಯಾರಿಸುವ ಜೀವಕೋಶಗಳು ಚರ್ಮದ ಕೆಲವು ಭಾಗಗಳನ್ನು ಮುಟ್ಟುವುದೇ ಇಲ್ಲ. ಅಲ್ಲಿ ಗರಿ ಹುಟ್ಟಿನಿಂದ ಬಿಳುಪು, ಕೊನೆಯವರೆಗೂ ಬಿಳುಪು; ಮಚ್ಚೆಗಳು ಹೆಚ್ಚಾಗಿ ಎಡಬಲಗಳಲ್ಲಿ ಒಂದನ್ನೊಂದು ಹೋಲುವುವು. ಎರಡನೆಯದು ನಮ್ಮ ತಲೆಯ ನರೆಯಂತಹುದು. ಹಕ್ಕಿ ಹುಟ್ಟಿದಾಗ ಬಣ್ಣ ಸರಿಯಾಗಿಯೇ ಇರುವುದು. ಪ್ರತಿಸಾರಿ ಗರಿ ಉದುರಿ ಹೊಸದು ಬಂದಾಗಲೂ ಅಲ್ಲೊಂದು ಇಲ್ಲೊಂದು ಬಿಳಿಯ ಗರಿ ಹೆಚ್ಚುತ್ತ ಹೋಗುವುದು. ಮಚ್ಚೆಗಳಿಗೆ ಕ್ರಮವಿಲ್ಲ, ಎಡಬಲಗಳ ಹೊಂದಿಕೆಯಿಲ್ಲ. ಊರುಗಳಲ್ಲಿ ಕಾಣಸಿಗುವ ಬಿಳಿಮಚ್ಚೆಯ ಗುಬ್ಬಿ ಗೊರವಂಕಗಳಲ್ಲಿ ಹೆಚ್ಚಿನವು ಈ ಬಗೆಯವು. ಒಂದೇ ದಿನ ನೋಡಿದರೆ ಇವೆರಡರ ಭೇದ ತಿಳಿಯದು. ಎರಡು ವರ್ಷ ಅದೇ ಹಕ್ಕಿಯನ್ನು ನೋಡಿದವನಿಗೆ ತಾನಾಗಿ ತಿಳಿಯುವುದು.

ಬಣ್ಣ ಪೂರ್ತಿಯಾಗಿ ಹೋಗದೆ ಮಾಸುವುದೂ ಉಂಟು. ಕಾಗೆಯ ಕಪ್ಪು ಕೊನೆಯವರೆಗೆ ಪಕ್ವವಾಗದೆ ಕಾಫಿಯ ಕಂದಿನಲ್ಲಿಯೇ ನಿಂತುಬಿಡಬಹುದು. ಇಂತಹ ಗರಿಯು ಬಿಸಿಲಿಗೆ ಬಹುಬೇಗ ಬಿಳಿಚುವುದಾದುದರಿಂದ, ಬೇಸಗೆಯ ಹೊತ್ತಿಗೆ ಕಂದು ಕಾಗೆಯು ಬಿಳಿಯ ಕಾಗೆಯೆಂದೇ ಹೆಸರಾಗುವುದು. ರೆಕ್ಕೆಯನ್ನು ಬಿಚ್ಚಿದಾಗ ಬಿಸಿಲು ಬೀಳದ ಒಳಭಾಗದಲ್ಲಿ ಅದರ ನಿಜವಾದ ಕಂದು ಉಳಿದಿರುವುದನ್ನು ಕಾಣಬಹುದು. ಇದು ಆನುವಂಶಿಕವಾದ ಭೇದ. ಪಕ್ಷಿಗಳಲ್ಲಿ ಲಿಂಗವನ್ನು ನಿರ್ಣಯಿಸುವ ವರ್ಣತಂತುಗಳು ಗಂಡಿನಲ್ಲಿ ಒಂದೇ ಬಗೆಯ ಜೋಡಿ, ಹೆಣ್ಣಿನಲ್ಲಿ ಬೇರೆಬೇರೆ. ಮನುಷ್ಯರಲ್ಲಿರುವುದಕ್ಕೆ ಇದು ತಿರುಗುಮುರುಗು. ಆದುದರಿಂದ ತಂದೆಯಿಂದ ಬಂದ ಒಂದೇ ದೋಷವು ಮಗಳಲ್ಲಿ ಪ್ರಕಟವಾಗುವುದು, ಮಗನಲ್ಲಿ ಮುಚ್ಚಿಹೋಗುವುದು. ಹಿತ್ತಿಲಿಗೆ ಬಂದ ಕಂದು ಕಾಗೆಯು ಹೆಚ್ಚುಕಡಮೆ ಹೆಣ್ಣೇ ಎಂದು ಹೀಗೆ ದೂರದಿಂದಲೇ ಹೇಳಬಹುದು. ಬಣ್ಣದ ಬರಹವನ್ನು ಓದುವುದೆಂದರೆ ಇದೇ.

ಗಿಳಿಯ ವಿಷಯ ಬೇರೆ. ಅದರ ಹಸುರು ಒಂದು ಬಣ್ಣವಲ್ಲ, ಎರಡರ ಕೂಟ: ಗರಿಯ ರಚನೆಯಿಂದ ಹುಟ್ಟುವ ನೀಲಿ, ಗಿಳಿಯ ಜಾತಿಗೇ ವಿಶಿಷ್ಟವಾದ ಹಳದಿ ದ್ರವ್ಯ. ನೀಲಿಯು ಕಾಣಬೇಕಾದರೆ ಅದರ ಹಿಂದೆ ಮೆಲನಿನ್ನಿನ ಕಪ್ಪು ಹಿನ್ನೆಲೆಯಿರಬೇಕು. ಮೆಲನಿನ್ ಹೋದರೆ ನೀಲಿಯೂ ಹೋಗಿ ಗಿಳಿಯು ನಿಂಬೆಯ ಹಳದಿಯಾಗುವುದು. ಹಳದಿ ದ್ರವ್ಯ ಹೋದರೆ ಆಕಾಶದ ನೀಲಿಯಾಗುವುದು. ಕಲಕತ್ತೆಯಲ್ಲಿ ಹುಟ್ಟಿದ ಆಲ್ಫ್ರೆಡ್ ಎಜ್ರಾ ಎಂಬ ಶ್ರೀಮಂತರು 1930ರ ದಶಕದಲ್ಲಿ ಇಂಗ್ಲೆಂಡಿನ ತಮ್ಮ ತೋಟದಲ್ಲಿ ನಮ್ಮ ದೇಶದ ಗಿಳಿಗಳ ಇಂತಹ ಸಂತತಿಗಳನ್ನು ಬೆಳೆಸಿ ಹೆಸರಾದರು. ಇಂದು ಊರೊಳಗೆ ಹಳದಿ ಗಿಳಿಯೊಂದು ಕಂಡರೆ ಅದು ಯಾರದೋ ಪಂಜರದಿಂದ ತಪ್ಪಿಸಿಕೊಂಡುದಿರಬಹುದೆಂಬ ಸಂದೇಹವನ್ನು ಮೊದಲು ತೀರಿಸಿಕೊಳ್ಳಬೇಕು.

ಹುಟ್ಟಿನಿಂದ ಬಂದ ಭೇದಗಳು ಇವಾದರೆ, ಹೊಟ್ಟೆಯಿಂದ ಬರುವುವೂ ಇವೆ. ಇಂಗ್ಲಿಷ್ ಸಾಹಿತ್ಯವನ್ನು ಓದಿದವರಿಗೆ ಗಿಲ್ಬರ್ಟ್ ವೈಟನ ಹೆಸರು ಪರಿಚಿತವಾದುದು. 1789ರಲ್ಲಿ ಅಚ್ಚಾದ ಅವನ ಸೆಲ್ಬೋರ್ನ್ ಗ್ರಾಮದ ನಿಸರ್ಗಚರಿತ್ರೆಯಲ್ಲಿ, ಭಂಗಿಯ ಬೀಜವನ್ನೇ ಮುಖ್ಯ ಆಹಾರವಾಗಿ ತಿಂದ ಪಂಜರದ ಹಕ್ಕಿಯೊಂದು ವರ್ಷದಿಂದ ವರ್ಷಕ್ಕೆ ಮಂಕಾಗಿ ಕೊನೆಗೆ ಕರ್ರಗಾದ ವೃತ್ತಾಂತವಿದೆ. ನಮ್ಮ ಕಾಗೆಗಳಲ್ಲಿ ಇದಕ್ಕೆ ವಿಲೋಮವಾದುದನ್ನು ಕಾಣಬಹುದು. ಗರಿ ಬೆಳೆಯುವ ಕಾಲದಲ್ಲಿ ತಕ್ಕ ಪೌಷ್ಟಿಕಾಂಶಗಳು ಸಿಕ್ಕದಿದ್ದರೆ ಮೆಲನಿನ್ ಸರಿಯಾಗಿ ಕೂಡದೆ ಕಾಗೆಯ ರೆಕ್ಕೆಯಲ್ಲಿ ಬೂದಿಯ ಅಥವಾ ಬಿಳಿಯ ಪಟ್ಟೆಗಳು ಮೂಡುವುವು. ಹಕ್ಕಿಗೆ ಒಳ್ಳೆಯ ಆಹಾರ ದೊರೆತರೆ ಮುಂದಿನ ಗರಿ ಮತ್ತೆ ಕಪ್ಪಾಗಿಯೇ ಬರಬಹುದು. ಊರಿನ ಎಂಜಲನ್ನು ತಿಂದು ಬದುಕುವ ಕಾಗೆಯ ರೆಕ್ಕೆಯಲ್ಲಿ ಹೀಗೆ ನಮ್ಮ ಊಟದ ಲೆಕ್ಕವೂ ಬರೆದಿರುವುದು. ಇನ್ನು ಭಯಂಕರವಾದ ಲೆಕ್ಕವೂ ಒಂದುಂಟು. 1986ರಲ್ಲಿ ಚೆರ್ನೋಬಿಲ್ಲಿನ ಅಣುಸ್ಥಾವರವು ಸಿಡಿದ ಮೇಲೆ ಆ ಪ್ರದೇಶದ ಕವಲುತೋಕೆ ಹಕ್ಕಿಗಳಲ್ಲಿ ಬಿಳಿಯ ಮಚ್ಚೆಗಳು ಹೆಚ್ಚಿದುದನ್ನು ಮಲ್ಲರ್, ಮೂಸೊ ಎಂಬ ವಿದ್ವಾಂಸರು ವರದಿ ಮಾಡಿದರು. ಇದೇ ಜಾತಿಯ ಹಕ್ಕಿಗಳು ಚಳಿಗಾಲದಲ್ಲಿ ನಮ್ಮ ತಂತಿಗಳ ಮೇಲೆಯೂ ಸಾಲುಗಟ್ಟಿ ಕುಳಿತುಕೊಳ್ಳುವುವು.

ಬಣ್ಣ ಬದಲಾದ ಪ್ರಾಣಿಗಳನ್ನು ಕುತೂಹಲದಿಂದ ಬರೆದಿಡುವ ಅಭ್ಯಾಸವು ನಮ್ಮ ದೇಶದಲ್ಲಿ ಹೊಸದಲ್ಲ. ಮೊಗಲ್ ಬಾದಶಹನಾದ ಜಹಾಂಗೀರನ ಬಳಿಗೆ 1608ರ ಸುಮಾರಿಗೆ ರಾಜಾ ಬೀರಸಿಂಹದೇವನು ಬಿಳಿಯ ಸಿವಂಗಿಯೊಂದನ್ನು ತಂದನು. ಆ ಪ್ರಸಂಗದಲ್ಲಿ ಬಾದಶಹನು ತಾನು ಕಂಡ ಬಿಳಿಯ ಡೇಗೆ, ಗುಬ್ಬಿ, ಕಾಗೆ, ನವಿಲು ಮೊದಲಾದುವನ್ನು ತನ್ನ ದಿನಚರಿಯಲ್ಲಿ ಎಣಿಸಿ ಬರೆದಿದ್ದಾನೆ. ದಖನ್ ಮತ್ತು ನಮ್ಮ ಸೀಮೆಯನ್ನೊಳಗೊಂಡ ದಕ್ಷಿಣ ಮರಾಠಾ ಪ್ರಾಂತಗಳ ಹಕ್ಕಿಗಳ ಪಟ್ಟಿಗಳನ್ನು 1878ರಲ್ಲಿ ಡೇವಿಡ್‌ಸನ್ ಮತ್ತು ವೆಂಡನ್ ಎಂಬವರೂ 1881ರಲ್ಲಿ ಕ್ಯಾಪ್ಟನ್ ಬಟ್ಲರನೂ ಪ್ರಕಟಿಸಿದರು. 1883ರಲ್ಲಿ ಹುಟ್ಟಿದ ಮುಂಬಯಿಯ ಸಂಘವು 1886ರಿಂದ ಪತ್ರಿಕೆಯನ್ನು ಹೊರಡಿಸಲು, ‘ಬಿಳಿಯ ಗೊರವಂಕ’, ‘ಬಿಳಿಯ ಕಾಗೆ’ ಎಂಬ ಸಣ್ಣ ಟಿಪ್ಪಣಿಗಳು ಅದರಲ್ಲಿ ಕಾಣಿಸಿಕೊಳ್ಳತೊಡಗಿದುವು. ಇಂತಹ ಟಿಪ್ಪಣಿಗಳನ್ನು ಒಟ್ಟುಗೂಡಿಸಿ ಅನಿಲ್ ಮಹಾಬಲ್ ಮೊದಲಾದ ಭಾರತೀಯರೂ, ಇಂಗ್ಲೆಂಡಿನ ನಿಸರ್ಗ ಇತಿಹಾಸ ಸಂಗ್ರಹಾಲಯದ ಹೈನ್ ವಾನ್ ಗ್ರೌ ಅವರೂ 2016ರಲ್ಲಿ ಪರಿಶೀಲಿಸಿದಾಗ, ಆಲ್ಬಿನೊ ಎಂದು ಹೆಸರಿಟ್ಟವುಗಳಲ್ಲಿ ಬಹಳಷ್ಟು ಆಲ್ಬಿನೊಗಳಲ್ಲವೆಂದು ತಿಳಿದುಬಂದಿತು. ಇದಕ್ಕೆ ಹಕ್ಕಿಗಳನ್ನು ದೂರುವಂತಿಲ್ಲ. ಬಣ್ಣವನ್ನು ಬರೆದವರು ಎಷ್ಟೋ ಸಲ ಕಣ್ಣನ್ನು ಬರೆಯದೆ ಬಿಟ್ಟಿದ್ದರು.

ಶಕುನದ ಮಾತನ್ನೂ ಆಡಿಬಿಡಬೇಕು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಕಾಗೆಯ ಶಕುನಗಳಿಗೆಂದೇ ಒಂದು ಅಧ್ಯಾಯವುಂಟು. ಹೊಳೆಯ ದಂಡೆಯಲ್ಲಿ ಪಿಂಡವನ್ನಿಟ್ಟು ಕಾಗೆ ಯಾವಾಗ ಮುಟ್ಟೀತೆಂದು ಕಾದು ನಿಲ್ಲುವ ಜನರಿಗೆ, ಬಿಳಿಯ ರೆಕ್ಕೆಯ ಕಾಗೆಯೊಂದು ಬಂದಿಳಿದರೆ ಮನಸ್ಸು ಕಳವಳಗೊಳ್ಳುವುದು ಸಹಜ. ಅಂತಹವರನ್ನು ನಾವು ಹಾಸ್ಯ ಮಾಡುವುದಿಲ್ಲ. ಆದರೆ ಆ ಬಿಳುಪು ಕಾಗೆಯ ವಿಷಯವನ್ನು ಹೇಳುವುದೇ ಹೊರತು ನಮ್ಮ ವಿಷಯವನ್ನಲ್ಲ. ಶುಭಶಕುನವೆಂಬ ನಂಬಿಕೆಯೂ ಹಕ್ಕಿಗೆ ಕ್ಷೇಮಕರವಲ್ಲ. ಅಶುಭವೆಂದವನು ಕಲ್ಲೆಸೆದರೆ, ಶುಭವೆಂದವನು ಹಿಡಿದು ಪಂಜರದಲ್ಲಿಡುವನು. ಬಣ್ಣ ಕೆಟ್ಟ ಹಕ್ಕಿಯ ಬಾಳು ಮೊದಲೇ ಕಷ್ಟದ್ದು. ಗುಂಪಿನಲ್ಲಿ ಎದ್ದು ತೋರುವುದರಿಂದ ಡೇಗೆಯ ದೃಷ್ಟಿ ಅದರ ಮೇಲೆ ಬೇಗ ಬೀಳುವುದು. ಮೆಲನಿನ್ ಗರಿಗೆ ಬಲವನ್ನೂ ಕೊಡುವುದರಿಂದ ಬಿಳಿಯ ಗರಿ ಬೇಗ ಸವೆಯುವುದು. ಕೊಕ್ಕರೆ ಮೊದಲಾದ ಎಷ್ಟೋ ಬಿಳಿಯ ಹಕ್ಕಿಗಳ ರೆಕ್ಕೆಯ ತುದಿಯನ್ನು ಪ್ರಕೃತಿಯು ಕಪ್ಪಾಗಿಟ್ಟಿರುವುದು ಸುಮ್ಮನೆ ಅಲ್ಲ. ಇಷ್ಟು ತೊಡಕುಗಳನ್ನು ದಾಟಿ ನಮ್ಮ ಹಿತ್ತಿಲಿಗೆ ಬಂದ ಜೀವಕ್ಕೆ ಕೊನೆಯ ತೊಡಕು ನಾವಾಗಬಾರದು. ಗಿಳಿಯಂತಹ ಕಾಡುಹಕ್ಕಿಯನ್ನು ಹಿಡಿದು ಸಾಕುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವೂ ಹೌದು.

ಹಾಗಾದರೆ ಮಾಡಬೇಕಾದುದೇನು? ಕಾಗವಾಡ, ಅಥಣಿಗಳ ಎಷ್ಟೋ ಮನೆಗಳಲ್ಲಿ, ವಿಶೇಷವಾಗಿ ಜೈನರ ಮನೆಗಳಲ್ಲಿ, ಹಕ್ಕಿಗಳಿಗೆ ಕಾಳು ಚೆಲ್ಲಿ ನೀರಿಡುವ ಸಂಪ್ರದಾಯವುಂಟು. ಆ ನೀರಿನ ಪಾತ್ರೆಯೇ ಒಂದು ವೀಕ್ಷಣಾಲಯ. ಅದರಿಂದ ಹತ್ತು ಹೆಜ್ಜೆ ದೂರದಲ್ಲಿ ಸುಮ್ಮನೆ ಕುಳಿತುಕೊಳ್ಳಿರಿ. ಬೇರೆ ಬಣ್ಣದ ಹಕ್ಕಿ ಬಂದರೆ ಮೊದಲು ಕಣ್ಣಿನ ಬಣ್ಣವನ್ನೂ, ಆಮೇಲೆ ಕೊಕ್ಕು ಕಾಲುಗಳ ಬಣ್ಣವನ್ನೂ, ಅನಂತರ ಯಾವ ಯಾವ ಗರಿ ಬಿಳಿದಾಗಿದೆ, ಎಡಬಲಗಳಲ್ಲಿ ಹೊಂದಿಕೆಯುಂಟೆ ಎಂಬುದನ್ನೂ ಗುರುತಿಸಿರಿ. ಸ್ಥಳ, ತಿಥಿ, ಹೊತ್ತು, ಜೊತೆಯ ಹಕ್ಕಿಗಳು ಅದರೊಡನೆ ಹೇಗೆ ವರ್ತಿಸಿದುವೆಂಬುದು, ಇವನ್ನು ಅಲ್ಲಿಯೇ ಬರೆದಿಡಿರಿ. ಈಗ ಎಲ್ಲರ ಕೈಯಲ್ಲಿಯೂ ಮೊಬೈಲ್ ಫೋನಿರುವುದರಿಂದ ಚಿತ್ರವನ್ನೂ ತೆಗೆಯಬಹುದು. ಈಬರ್ಡ್ ಎಂಬ ಸಾರ್ವಜನಿಕ ಪಟ್ಟಿಗೆ ಸೇರಿಸಿದರೆ ಅದು ದೂರದ ವಿದ್ವಾಂಸರಿಗೂ ದೊರೆಯುವುದು. ಆದರೆ ಗೂಡು ಎಲ್ಲಿದೆಯೆಂಬುದನ್ನು ಮಾತ್ರ ಬೀದಿಗೆ ಸಾರಬಾರದು. ಮುಂದಿನ ವರ್ಷ ಅದೇ ಹಕ್ಕಿ ಬಂದರೆ ಅದೇ ಪುಟದ ಕೆಳಗೆ ಮತ್ತೆ ಬರೆಯಿರಿ. ಬಿಳುಪು ಹೆಚ್ಚಿತೆ, ಕಡಮೆಯಾಯಿತೆ, ಹಾಗೆಯೇ ಉಳಿಯಿತೆ ಎಂಬ ಒಂದು ಸಾಲಿನಿಂದ ದೊಡ್ಡ ಗ್ರಂಥಗಳ ಸಂದೇಹವೂ ಪರಿಹಾರವಾಗಬಹುದು.

ಸಾವಿರ ಗುಬ್ಬಿಗಳನ್ನು ಗಮನವಿಟ್ಟು ನೋಡಿದವನಿಗೇ ಸಾವಿರದ ಒಂದನೆಯ ಗುಬ್ಬಿ ಬೇರೆಯಾಗಿ ಕಾಣುವುದು. ಆದುದರಿಂದ ಬಿಳಿಯ ಗುಬ್ಬಿಗಾಗಿ ಕಾಯುವುದಕ್ಕಿಂತ ನಾಳೆ ಬೆಳಗ್ಗೆ ಅಂಗಳಕ್ಕೆ ಬರುವ ಸಾಮಾನ್ಯ ಗುಬ್ಬಿಯನ್ನು ಒಂದು ಗಳಿಗೆ ನಿಂತು ನೋಡುವುದು ಲೇಸು. ಅದರ ಗಂಡಿನ ಕೊರಳಲ್ಲಿ ಕಪ್ಪು ಎಷ್ಟು, ಹೆಣ್ಣಿನ ಹುಬ್ಬಿನ ಮೇಲೆ ಮಸುಕು ಗೆರೆ ಹೇಗೆ ಓಡಿದೆ ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ನೋಡದೆ ಹೇಳಬಲ್ಲೆವು?